ಗುಳಿಗೆ ಕೈಗೆ ಬಂದರೆ ಸಾಲದು

ಹೊಸೂರಿನ ಪಕ್ಕದ ಮತ್ತಿಗಿರಿಯನ್ನು ನಮ್ಮ ಓದುಗರಲ್ಲಿ ಹೆಚ್ಚಿನವರು ಕಂಡಿರಲಾರರು. ಆದರೆ ಅಲ್ಲಿನ ಕನ್ನಡಿಗರ ಪಾಡು ನಮಗೆ ಹೊಸತಲ್ಲ. ಬ್ರಿಟಿಷರ ಕಾಲದಿಂದಲೂ ಜಾನುವಾರು ಕ್ಷೇತ್ರಕ್ಕೆ ಹೆಸರಾದ ಈ ಊರು ಇಂದು ಹೊಸೂರು ನಗರದೊಳಗೆ ಸೇರಿಹೋಗಿದೆ. ಕರ್ನಾಟಕದ ಗಡಿ ಕೆಲವೇ ಮೈಲು ದೂರ. ಮನೆಯೊಳಗೆ ಕನ್ನಡ ಇಲ್ಲವೇ ತೆಲುಗು. ಕಚೇರಿ, ಆಸ್ಪತ್ರೆಗಳಲ್ಲಿ ತಮಿಳು. ನಮ್ಮಲ್ಲಿ ಮಲಯಾಳ ಇದ್ದಂತೆಯೇ.

ರೇಶನ್ ಕಾರ್ಡಿನ ಅರ್ಜಿಯನ್ನಾದರೆ ನೆರೆಯವರಿಂದ ಓದಿಸಿಕೊಳ್ಳಬಹುದು. ಆದರೆ ಮೊದಲ ಬಾರಿಗೆ ಸಂತಾನ ನಿರೋಧಕ ಗುಳಿಗೆ ನುಂಗಲು ಹೊರಟ ಹೆಣ್ಣುಮಗಳು ಅದರ ವಿವರಣೆಯನ್ನು ಯಾರಿಂದ ಓದಿಸಿಕೊಳ್ಳಬೇಕು? ಅತ್ತೆಯಲ್ಲಿ ಕೇಳಲು ಸಂಕೋಚ, ಗಂಡನಿಗೆ ತಿಳಿಯದು, ದಾದಿಯ ಮಾತು ಅರ್ಧ ಮಾತ್ರ ಅರ್ಥವಾಯಿತು. ಈ ಅರ್ಧ ತಿಳಿವಳಿಕೆಯೇ ಅಪಾಯ.

ಕನ್ನಡ ನಾಡಿಗೆ ಈ ವಿಷಯ ಅಪರಿಚಿತವೇನಲ್ಲ. 1930ರಲ್ಲೇ ಮೈಸೂರು ಸರಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಡಿಸಿತ್ತು. ಸರಕಾರವೊಂದು ಇಂಥ ಹೆಜ್ಜೆಯಿಟ್ಟದ್ದು ಪ್ರಪಂಚದಲ್ಲೇ ಮೊದಲೆನ್ನುತ್ತಾರೆ. ಭಾರತ ಸರಕಾರದ ಕುಟುಂಬ ಯೋಜನೆ ಬಂದುದು 1952ರಲ್ಲಿ. ಗುಳಿಗೆಗೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 1960ರಲ್ಲಿ.

ಸರಕಾರೀ ಕೇಂದ್ರಗಳಲ್ಲಿ ಉಚಿತವಾಗಿ ಸಿಗುವ ‘ಮಾಲಾ-ಎನ್’ ಪೊಟ್ಟಣದಲ್ಲಿ 28 ಗುಳಿಗೆಗಳಿವೆ. 21ರಲ್ಲಿ ಅಂಡ ಬಿಡುಗಡೆಯಾಗದಂತೆ ತಡೆಯುವ ಹಾರ್ಮೋನು. ಬೇರೆ ಬಣ್ಣದ ಉಳಿದ 7ರಲ್ಲಿ ಕಬ್ಬಿಣಾಂಶ. ಮುಟ್ಟು ಆರಂಭವಾದ 5 ದಿನಗಳೊಳಗೆ ಮೊದಲ ಗುಳಿಗೆ ನುಂಗಬೇಕು. ಆಮೇಲೆ ದಿನಕ್ಕೊಂದರಂತೆ, ಆದಷ್ಟು ಒಂದೇ ಹೊತ್ತಿಗೆ. ರಾತ್ರಿ ಊಟವಾದ ಮೇಲೆ ಎಂದಿಟ್ಟುಕೊಂಡರೆ ಮರೆವು ಕಡಿಮೆ. ಒಂದು ಪೊಟ್ಟಣ ಮುಗಿದ ಮರುದಿನವೇ ಇನ್ನೊಂದನ್ನು ಆರಂಭಿಸಬೇಕು. ಐದು ದಿನ ದಾಟಿದ ಮೇಲೆ ಆರಂಭಿಸುವುದಾದರೆ, ಗರ್ಭವಿಲ್ಲವೆಂದು ಖಚಿತಪಡಿಸಿಕೊಂಡು, ಮೊದಲ 7 ದಿನ ನಿರೋಧ್ ಬಳಸಬೇಕು.

ತಪ್ಪುವುದು ಎಲ್ಲಿ? ಗಂಡ ಊರಲ್ಲಿರುವ ದಿನ ಮಾತ್ರ ನುಂಗಿದರೆ ಸಾಕೆಂದು ತಿಳಿಯುವವರಿದ್ದಾರೆ. ಸಾಲದು. ಅವನು ಒಂದು ವಾರ ದೂರದಲ್ಲಿದ್ದರೂ ಗುಳಿಗೆ ನಿಲ್ಲಬಾರದು. ಒಂದು ದಿನ ಮರೆತರೆ ನೆನಪಾದ ಕೂಡಲೇ ನುಂಗಿ, ಆ ದಿನದ್ದನ್ನು ಅದರ ಹೊತ್ತಿಗೆ ನುಂಗಬೇಕು. ಎರಡು ಅಥವಾ ಹೆಚ್ಚು ದಿನ ತಪ್ಪಿದರೆ ಮತ್ತೆ 7 ದಿನ ಸತತವಾಗಿ ನುಂಗುವವರೆಗೆ ನಿರೋಧ್ ಬೇಕು, ದಾದಿಯನ್ನೂ ವಿಚಾರಿಸಬೇಕು. ಕ್ರಮ ತಪ್ಪದೆ ನುಂಗಿದರೆ ವರ್ಷಕ್ಕೆ ನೂರರಲ್ಲಿ ಒಬ್ಬಳೂ ಗರ್ಭಿಣಿಯಾಗುವುದಿಲ್ಲ. ಮರೆವು, ಗೊಂದಲಗಳಿಂದಾಗಿ ವಾಸ್ತವದಲ್ಲಿ ಸುಮಾರು 7 ಮಂದಿ ಆಗುತ್ತಾರೆ.

ಇನ್ನೊಂದು ಗೊಂದಲ ‘ಛಾಯಾ’ ಗುಳಿಗೆಯದು. ಲಖನೌದ ಕೇಂದ್ರೀಯ ಔಷಧ ಸಂಶೋಧನಾಲಯ ರೂಪಿಸಿದ, ಹಾರ್ಮೋನಿಲ್ಲದ ಗುಳಿಗೆಯಿದು. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಮೊಲೆಯೂಡಿಸುವ ತಾಯಂದಿರಿಗೂ ಆಗುತ್ತದೆ. ಮಾಲಾ ದಿನದ್ದು, ಛಾಯಾ ವಾರದ್ದು ಎಂಬ ಈ ಒಂದು ವಾಕ್ಯ ಸರಿಯಾಗಿ ಕಿವಿಗೆ ಬೀಳದಿದ್ದರೆ ಎರಡೂ ವ್ಯರ್ಥ.

ಆರಂಭದ ಎರಡು ಮೂರು ತಿಂಗಳು ವಾಕರಿಕೆ, ತಲೆನೋವು, ನಡುನಡುವೆ ತುಸು ರಕ್ತ ಕಾಣುವುದುಂಟು. ಸಾಮಾನ್ಯವಾಗಿ ತಾನಾಗಿ ಶಮನವಾಗುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಹೆದರಿ ಬಿಟ್ಟುಬಿಡುತ್ತಾರೆ. ಗುಳಿಗೆಯಿಂದ ಶಾಶ್ವತ ಬಂಜೆತನ ಬರುತ್ತದೆಂಬುದು ಸುಳ್ಳು. ನಿಲ್ಲಿಸಿದ ಮೇಲೆ ಗರ್ಭ ನಿಲ್ಲುತ್ತದೆ.

ಆದರೆ ಮಾಲಾ ಎಲ್ಲರಿಗೂ ಸಲ್ಲುವುದಿಲ್ಲ. ರಕ್ತದೊತ್ತಡ, ಯಕೃತ್ತಿನ ಕಾಯಿಲೆ, ಸ್ತನದ ಕ್ಯಾನ್ಸರ್, ಹಿಂದೆ ರಕ್ತ ಹೆಪ್ಪುಗಟ್ಟಿದ್ದವರು, ಕಣ್ಣಿಗೆ ಮಿಂಚು ಹೊಡೆದಂತಾಗಿ ಬರುವ ಅರೆತಲೆನೋವಿನವರು, 35 ದಾಟಿಯೂ ಬೀಡಿ ಸೇದುವವರು, ಆರು ತಿಂಗಳೊಳಗಿನ ಮಗುವಿಗೆ ಮೊಲೆಯೂಡಿಸುವವರು ಇದನ್ನು ಆರಂಭಿಸಬಾರದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮತ್ತು ಅಪಸ್ಮಾರದ ಕೆಲವು ಔಷಧಗಳು ಗುಳಿಗೆಯ ಶಕ್ತಿ ಕುಂದಿಸುತ್ತವೆ. ಮೀನಖಂಡದಲ್ಲಿ ನೋವು ಬಾವು, ಎದೆನೋವು, ಉಸಿರುಗಟ್ಟುವಿಕೆ, ತೀವ್ರ ತಲೆನೋವು, ದೃಷ್ಟಿ ಮಸುಕಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇಷ್ಟೆಲ್ಲ ಕೇಳುವುದೂ ಹೇಳುವುದೂ ತಾಯ್ನುಡಿಯಲ್ಲಿ ಆಗಬೇಕಾದ ಮಾತು. “ನಿನಗೆ ಬೀಡಿಯ ಅಭ್ಯಾಸ ಇದೆಯೇ? ಹಿಂದಿನ ಮುಟ್ಟು ಯಾವಾಗ?” ಎಂದು ಪರಭಾಷೆಯಲ್ಲಿ ಕೇಳಿದಾಗ ನಾಚಿದ ಹೆಣ್ಣು ಸುಮ್ಮನೆ ತಲೆಯಾಡಿಸುತ್ತಾಳೆ. ಆ ತಲೆಯಾಡಿಸುವಿಕೆಯನ್ನು ಒಪ್ಪಿಗೆಯೆಂದು ಬರೆದುಕೊಳ್ಳಲಾಗುತ್ತದೆ.

ಮತ್ತಿಗಿರಿಯಲ್ಲಾಗಲಿ, ಮಂಜೇಶ್ವರದಲ್ಲಾಗಲಿ, ಪೊಟ್ಟಣದೊಂದಿಗೆ ಒಂದು ಹಾಳೆ ಕನ್ನಡ ವಿವರಣೆ ಕೊಡುವುದು ಸರಕಾರಕ್ಕೆ ದೊಡ್ಡ ಖರ್ಚಲ್ಲ. ಕನ್ನಡ ಬಲ್ಲ ದಾದಿಯೊಬ್ಬಳು ವಾರಕ್ಕೊಂದು ದಿನ ಕುಳಿತು ಮಾತಾಡಿದರೆ ಇನ್ನೂ ಒಳ್ಳೆಯದು. ಅಲ್ಲಿಯವರೆಗೆ ನಮ್ಮ ಗೃಹಿಣಿಯರಿಗೊಂದು ವಿನಂತಿ: ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿರಿ. ಕೇಳಿದ್ದನ್ನು ನಿಮ್ಮ ಮಾತಿನಲ್ಲೇ ದಾದಿಗೆ ಮರಳಿ ಹೇಳಿರಿ. ಅದು ಸರಿಯೆಂದು ಅವಳು ಹೇಳಿದ ಮೇಲೆ ಮೊದಲ ಗುಳಿಗೆ ನುಂಗಿರಿ.