ಬೊಲೊನ್ಯಾದಲ್ಲೊಂದು ಬಾಡಿಗೆ ರೂಮು

ಹನ್ನೆರಡನೇ ಶತಮಾನದಲ್ಲಿ ಇಟಲಿಯ ಬೊಲೊನ್ಯಾಕ್ಕೆ ಕಾನೂನು ಓದಲು ಬಂದ ಜರ್ಮನ್ ಹುಡುಗನೊಬ್ಬ ಸಾಲ ಮಾಡಿ ಪರಾರಿಯಾದನೆಂದರೆ, ಸಾಲ ಕೊಟ್ಟವನು ದಾರಿಯಲ್ಲಿ ಸಿಕ್ಕ ಇನ್ನೊಬ್ಬ ಜರ್ಮನ್ ಹುಡುಗನ ಕತ್ತಿನಪಟ್ಟಿ ಹಿಡಿಯುತ್ತಿದ್ದ. ನಿಮ್ಮವನೇ ತಾನೇ, ನೀನೇ ತೀರಿಸು ಎಂಬ ನ್ಯಾಯ. ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸಾ 1150ರ ದಶಕದಲ್ಲಿ ಹೊರಡಿಸಿದ ಶಾಸನವೊಂದು ಈ ಪದ್ಧತಿಯನ್ನು ನಿಷೇಧಿಸಿ, ಓದಿಗಾಗಿ ಊರು ಬಿಟ್ಟವರಿಗೆ ರಕ್ಷಣೆ ಕೊಟ್ಟಿತು.

ಶಾಸನವೊಂದನ್ನೇ ನಂಬಿ ಹುಡುಗರು ಕೂರಲಿಲ್ಲ. ತಮ್ಮ ತಮ್ಮ ನಾಡಿನ ಹೆಸರಲ್ಲಿ ಸಂಘ ಕಟ್ಟಿಕೊಂಡರು, ತಮ್ಮೊಳಗೇ ಒಬ್ಬನನ್ನು ರೆಕ್ಟರ್ ಎಂದು ಆರಿಸಿದರು, ಸಂಭಾವನೆ ಕೊಟ್ಟು ಮೇಷ್ಟ್ರುಗಳನ್ನು ಇಟ್ಟುಕೊಂಡರು. ಪಾಠಕ್ಕೆ ತಡವಾಗಿ ಬಂದ ಮೇಷ್ಟ್ರಿಗೆ ದಂಡ ಬೀಳುತ್ತಿತ್ತು! ಮನೆ ಬಾಡಿಗೆಯನ್ನು ಊರಿನವರೂ ವಿದ್ಯಾರ್ಥಿಗಳೂ ಒಟ್ಟಿಗೆ ಕೂತು ನಿಗದಿ ಮಾಡುವ ವ್ಯವಸ್ಥೆಯೂ ಇತ್ತು. 1088ನ್ನು ತನ್ನ ಹುಟ್ಟಿದ ವರ್ಷವೆಂದು ಹೇಳಿಕೊಳ್ಳುವ ಇಲ್ಲಿನ ವಿಶ್ವವಿದ್ಯಾಲಯ ಬೆಳೆದದ್ದು ಹೀಗೆ, ಪರಊರ ಹುಡುಗರ ಜೋರಿನಿಂದ.

ಆ ಜೋರು ಊರಿನ ಕಟ್ಟಡಗಳಲ್ಲೂ ಕಾಣುತ್ತದೆ. ಜನ ಹೆಚ್ಚಾದಂತೆ ಮನೆಯವರು ಮೇಲಂತಸ್ತನ್ನು ಬೀದಿಯ ಮೇಲಕ್ಕೆ ಚಾಚಿ, ಕೆಳಗೆ ಕಂಬ ಕೊಟ್ಟು, ಒಂದೆರಡು ಕೋಣೆ ಗಿಟ್ಟಿಸಿಕೊಂಡರು. ಹಾಗೆ ಹುಟ್ಟಿದ ಕಮಾನು ಜಗಲಿಗಳನ್ನು ನಗರಾಡಳಿತ ಕೆಡವಲಿಲ್ಲ. 1288ರಲ್ಲಿ ಹೊಸ ಮನೆಗಳಿಗೆ ಅವು ಕಡ್ಡಾಯ ಎಂದೇ ನಿಯಮ ಮಾಡಿತು. ಕುದುರೆ ಮೇಲೆ ಕೂತವನ ತಲೆಗೆ ತಾಗದಷ್ಟು, ಅಂದರೆ ಸುಮಾರು 2.66 ಮೀಟರ್ ಎತ್ತರವಿರಬೇಕು ಎಂದೂ ಸೇರಿಸಿತು. ನಗರದಲ್ಲಿ ಒಟ್ಟು 62 ಕಿಲೋಮೀಟರ್‌ನಷ್ಟು ಇಂಥ ಜಗಲಿಗಳಿವೆ. 2021ರಲ್ಲಿ ಇವು ಯುನೆಸ್ಕೋ ಪಟ್ಟಿಗೆ ಸೇರಿದವು. ಮಳೆಗಾಲಕ್ಕೆ ಕೊಡೆ ಮರೆತು ಬಂದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಊರಿಲ್ಲ.

ಇಲ್ಲಿಗೆ ಬಂದು ಹೋದವರಲ್ಲಿ ಕೊಪರ್ನಿಕಸ್ ಒಬ್ಬ. ಪೋಲೆಂಡಿನಿಂದ 1496ರಲ್ಲಿ ಚರ್ಚ್ ಕಾನೂನು ಓದಲು ಬಂದವನು ಜರ್ಮನ್ನರ ಸಂಘದಲ್ಲಿ ಹೆಸರು ಬರೆಸಿದ. ಉಳಿದುಕೊಂಡದ್ದು ಖಗೋಳದ ಮೇಷ್ಟ್ರು ದೊಮೆನಿಕೊ ಮಾರಿಯಾ ನೊವಾರಾ ಅವರ ಜೊತೆ. 1497ರ ಮಾರ್ಚ್ 9ರ ರಾತ್ರಿ ಚಂದ್ರ ರೋಹಿಣಿ ನಕ್ಷತ್ರವನ್ನು ಮರೆಮಾಡಿದ್ದನ್ನು ಗಮನಿಸಿ ಬರೆದಿಟ್ಟ. ಮನೆಯವರು ಕಳಿಸಿದ್ದು ಕಾನೂನು ಓದಲಿಕ್ಕೆ, ಹುಡುಗ ನೋಡುತ್ತಿದ್ದದ್ದು ಆಕಾಶ. ಈ ಬಗೆಯ ವಿದ್ಯಾರ್ಥಿ ಈಗಲೂ ಸಿಗುತ್ತಾನೆ.

ಇಂದು ಬೊಲೊನ್ಯಾಕ್ಕೆ ಒಂದು ಸೆಮಿಸ್ಟರ್‌ಗೆಂದು ಬರುವವರ ಮೊದಲ ತಲೆನೋವು ಮತ್ತೆ ಅದೇ ಬಾಡಿಗೆ ರೂಮು. ಸುಮಾರು 4 ಲಕ್ಷ ಜನರ ನಗರದಲ್ಲಿ ವಿದ್ಯಾರ್ಥಿಗಳು ಹತ್ತಾರು ಸಾವಿರ, ಅವರ ಜೊತೆ ಪ್ರವಾಸಿಗರ ಪೈಪೋಟಿ. ಜಾಹೀರಾತುಗಳಲ್ಲಿ ಕಾಣುವುದು ಹೆಚ್ಚಾಗಿ 'ಪೋಸ್ತೋ ಲೆತ್ತೋ', ಎಂದರೆ ಹಂಚಿಕೊಂಡ ಕೋಣೆಯಲ್ಲೊಂದು ಮಂಚ. ಒಬ್ಬರಿಗೇ ಕೋಣೆ ಬೇಕೆಂದರೆ ತಿಂಗಳಿಗೆ ಐನೂರು ಯೂರೋ ದಾಟುವುದು ಮಾಮೂಲು. ಕೆಲವು ಮನೆಗಳು ಹುಡುಗಿಯರಿಗೆ ಮಾತ್ರ, ಕೆಲವು ವರ್ಷವಿಡೀ ಇರುವವರಿಗೆ ಮಾತ್ರ. ಬೆಂಗಳೂರಿನಲ್ಲಿ 'ಸಸ್ಯಾಹಾರಿ ಕುಟುಂಬಕ್ಕೆ ಮಾತ್ರ' ಎಂಬ ಬೋರ್ಡು ಓದಿ ಬೆಳೆದವರಿಗೆ ಇದೇನೂ ಹೊಸತಲ್ಲ. 2023ರ ಮೇ ತಿಂಗಳಲ್ಲಿ ಮಿಲಾನ್‌ನ ವಿದ್ಯಾರ್ಥಿನಿಯೊಬ್ಬಳು ಬಾಡಿಗೆಯ ಹೊರೆ ಖಂಡಿಸಿ ಕಾಲೇಜಿನ ಮುಂದೆ ಟೆಂಟು ಹಾಕಿದ್ದೇ ತಡ, ಬೊಲೊನ್ಯಾ ಸೇರಿ ಬೇರೆ ಊರುಗಳಲ್ಲೂ ಟೆಂಟುಗಳೆದ್ದವು. ಸ್ಪೇನಿನ ಕಾರ್ಡಿನಲ್ ಅಲ್ಬೊರ್ನೋಸ್ ತನ್ನ ನಾಡಿನ ಹುಡುಗರಿಗೆಂದು ಹದಿನಾಲ್ಕನೇ ಶತಮಾನದಲ್ಲಿ ಇಲ್ಲಿ ಕಟ್ಟಿಸಿದ ವಿದ್ಯಾರ್ಥಿನಿಲಯ ಮಾತ್ರ ಈಗಲೂ ಸ್ಪೇನಿನವರಿಗೆ ಸೂರು ಕೊಡುತ್ತಿದೆ. ದಾನಿ ಎಂದರೆ ಹಾಗಿರಬೇಕು.

ಭಾರತದಿಂದ ಬಂದವರಿಗೆ ಕಾಗದಪತ್ರದ ಕೆಲಸ ಇನ್ನೂ ಒಂದು ಕೈ ಹೆಚ್ಚು. ತೆರಿಗೆ ಸಂಖ್ಯೆಯಿಲ್ಲದೆ ಬಾಡಿಗೆ ಕರಾರು ಆಗದು. ಮೂರು ತಿಂಗಳಿಗಿಂತ ಹೆಚ್ಚು ಇರುವವರು ಬಂದ ಎಂಟು ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಅರ್ಜಿ ಕೊಡುವುದು ಅಂಚೆ ಕಚೇರಿಯಲ್ಲಿ: ಟೋಕನ್ ಹಿಡಿದು ಕಾದು, ಫಾರಂಗಳನ್ನೂ 16 ಯೂರೋ ಸ್ಟಾಂಪನ್ನೂ ಲಕೋಟೆಗೆ ಸೇರಿಸಿ, ರಶೀದಿಯನ್ನು ಜೋಪಾನ ಮಾಡುವುದು. ಬೆರಳಚ್ಚಿಗೆ ಪೊಲೀಸ್ ಕಚೇರಿಗೆ ಮತ್ತೊಂದು ಓಡಾಟ. ಕಾರ್ಡು ಬರುವ ಹೊತ್ತಿಗೆ ಸೆಮಿಸ್ಟರೇ ಮುಗಿದಿರುವುದೂ ಉಂಟು.

ಊಟದ ವಿಷಯಕ್ಕೆ ಬಂದರೆ, ಸಸ್ಯಾಹಾರಿಗಳು ಕಣ್ಣು ತೆರೆದಿರಬೇಕು. ನೋಡಲು ಚಪಾತಿಯಂತಿರುವ ಪಿಯಾದೀನಾಕ್ಕೆ ಸಾಂಪ್ರದಾಯಿಕವಾಗಿ ಹಾಕುವುದು ಹಂದಿಯ ಕೊಬ್ಬು.

ತರಗತಿಯಲ್ಲಿ ಕಾದಿರುವ ಅಚ್ಚರಿ ಪರೀಕ್ಷೆ. ಎಷ್ಟೋ ವಿಷಯಗಳಲ್ಲಿ ಅದು ಬಾಯಿಮಾತಿನದು, ಬಾಗಿಲು ತೆರೆದೇ ನಡೆಯುವಂಥದು. ತಮ್ಮ ಸರದಿಗೆ ಕಾದವರು ಹಿಂದೆ ಕೂತು ಪ್ರಶ್ನೆಗಳನ್ನು ಗುರುತು ಹಾಕಿಕೊಳ್ಳುತ್ತಿರುತ್ತಾರೆ. ಪೂರ್ಣಾಂಕ 30, ಪಾಸಾಗಲು 18. ಮೇಷ್ಟ್ರು "ಇಪ್ಪತ್ತಮೂರು, ಒಪ್ಪಿಗೆಯೇ?" ಎಂದು ಕೇಳುತ್ತಾರೆ. ಬೇಡ ಎನ್ನಬಹುದು! ಮುಂದಿನ ಸರದಿಯಲ್ಲಿ ಮತ್ತೆ ಬಂದು ಕೂರಬಹುದು. ಕೊಟ್ಟಷ್ಟು ಅಂಕವನ್ನು ಕಣ್ಣಿಗೊತ್ತಿಕೊಂಡು ಬರುವ ನಮ್ಮ ಮಕ್ಕಳಿಗೆ ಈ 'ಬೇಡ' ನಾಲಿಗೆಗೆ ಬರುವುದಕ್ಕೇ ಸಮಯ ಹಿಡಿಯುತ್ತದೆ.

ಆ ಅಂಕ ತವರಿನ ಕಾಲೇಜಿನಲ್ಲಿ ನಡೆಯುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ. ಇಟಲಿಯ ಸೋಫಿಯಾ ಕೊರ್ರಾದಿ 1950ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ ರೋಮ್‌ಗೆ ಮರಳಿದಾಗ, ಆ ಓದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಕೆರಳಿದ ಆಕೆ ವಿದೇಶದಲ್ಲಿ ಓದಿದ್ದು ಊರಲ್ಲೂ ನಡೆಯಬೇಕೆಂದು ವರ್ಷಗಟ್ಟಲೆ ಬೆನ್ನುಹತ್ತಿದರು. 1987ರಲ್ಲಿ ಶುರುವಾದ, ಯುರೋಪಿನ ವಿದ್ಯಾರ್ಥಿ ವಿನಿಮಯದ ಎರಾಸ್ಮಸ್ ಯೋಜನೆಯ ತಾಯಿ ಎಂದು ಅವರನ್ನು ಕರೆಯುತ್ತಾರೆ. ಮೊದಲ ವರ್ಷ 11 ದೇಶಗಳ 3,244 ವಿದ್ಯಾರ್ಥಿಗಳು ಹೊರಟರು. 1999ರ ಜೂನ್‌ನಲ್ಲಿ 29 ದೇಶಗಳ ಮಂತ್ರಿಗಳು ಪದವಿ, ಕ್ರೆಡಿಟ್‌ಗಳನ್ನು ಪರಸ್ಪರ ಹೊಂದುವಂತೆ ಮಾಡಲು ಸಹಿ ಹಾಕಿದ್ದು ಬೊಲೊನ್ಯಾದಲ್ಲೇ. ಈಗ ಸೆಮಿಸ್ಟರ್‌ಗೆ 30 ಕ್ರೆಡಿಟ್ ಎಂಬುದು ಅಲ್ಲಿನ ಸಾಮಾನ್ಯ ಲೆಕ್ಕ. ಎರಾಸ್ಮಸ್‌ನಲ್ಲಿ ಹೊರಡುವವರು ಯಾವ ವಿಷಯ ಓದುತ್ತೇವೆಂದು ಮೊದಲೇ ಬರೆದು, ಎರಡೂ ವಿಶ್ವವಿದ್ಯಾಲಯಗಳ ಸಹಿ ಪಡೆಯುತ್ತಾರೆ. ಬಂದ ಮೇಲೆ ಎರಡು ಪಾಠಗಳ ವೇಳೆ ಒಂದಕ್ಕೊಂದು ಡಿಕ್ಕಿ ಹೊಡೆದರೆ ಆ ಒಪ್ಪಂದವನ್ನು ತಿದ್ದಬೇಕು, ತಿದ್ದಿದ್ದಕ್ಕೂ ಮತ್ತೆ ಎಲ್ಲರ ಸಹಿ ಬೇಕು. ಅನುಭವಸ್ಥರು ಹೊಸಬರಿಗೆ ಮೊದಲ ವಾರವೇ ಹೇಳುವ ಮಾತು: ರೂಮು ಸಿಗುವುದು ತಡವಾದರೂ ಪರವಾಗಿಲ್ಲ, ಈ ಸಹಿ ಮಾತ್ರ ತಡ ಮಾಡಬೇಡಿ.