ಸಾವಯವ ಧಾನ್ಯ: ರೈತನಿಗೆ ವಿನಾಯಿತಿ, ವರ್ತಕನಿಗೆ ಹೊಣೆ

ಸಾವಯವ ರಾಗಿ, ಅಕ್ಕಿ, ಬೇಳೆಕಾಳುಗಳ ವ್ಯಾಪಾರದಲ್ಲಿ ತೊಡಗಲು ಬಯಸುವ ವರ್ತಕರು ಮೊದಲು ಅರಿಯಬೇಕಾದುದು ಚೀಲದ ಮೇಲೆ ‘ಸಾವಯವ’ ಎಂದು ಮುದ್ರಿಸುವ ಹಕ್ಕು ಯಾರಿಗಿದೆ ಎಂಬುದನ್ನು.

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 18ನೇ ಕಲಂ ರೈತನನ್ನೂ ಅವನ ಬೆಳೆಯನ್ನೂ ಕಾಯ್ದೆಯಿಂದ ಹೊರಗಿಟ್ಟಿದೆ. ಆದರೆ 22ನೇ ಕಲಂ ಸಾವಯವ ಆಹಾರದ ತಯಾರಿಕೆ, ವಿತರಣೆ ಹಾಗೂ ಮಾರಾಟವನ್ನು ನಿಯಂತ್ರಿಸುತ್ತದೆ. ಇದಕ್ಕೆ ಸಂಬಂಧಿಸಿದ 2017ರ ವಿನಿಯಮಗಳು 2018ರ ಜುಲೈ 1ರಿಂದ ಜಾರಿಯಲ್ಲಿವೆ.

ಈ ವಿನಿಯಮಗಳು ಎರಡು ಪದ್ಧತಿಗಳನ್ನು ಮಾನ್ಯ ಮಾಡುತ್ತವೆ. ಮೊದಲನೆಯದು, ವಾಣಿಜ್ಯ ಸಚಿವಾಲಯವು 2001ರಲ್ಲಿ ಆರಂಭಿಸಿದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ. ಇದರಲ್ಲಿ ಮಾನ್ಯತೆ ಪಡೆದ ಸಂಸ್ಥೆಯು ತಪಾಸಣೆ ನಡೆಸುತ್ತದೆ. ರಫ್ತಿಗೂ ಇದು ಸಲ್ಲುತ್ತದೆ. ಎರಡನೆಯದು, ಕೃಷಿ ಸಚಿವಾಲಯದ ಸಹಭಾಗಿತ್ವ ಖಾತರಿ ಪದ್ಧತಿ. ಇದರಲ್ಲಿ ಕನಿಷ್ಠ 5 ರೈತರ ಗುಂಪಿನ ಸದಸ್ಯರು ಪರಸ್ಪರ ಹೊಲಗಳನ್ನು ಪರಿಶೀಲಿಸುತ್ತಾರೆ. ವೆಚ್ಚ ಕಡಿಮೆ, ಮಾರುಕಟ್ಟೆ ಮಾತ್ರ ದೇಶದೊಳಗೆ ಸೀಮಿತ.

ವಾರ್ಷಿಕ 12 ಲಕ್ಷ ರೂಪಾಯಿ ಮೀರದ ವಹಿವಾಟಿನ ಸಣ್ಣ ಉತ್ಪಾದಕರು ತಮ್ಮ ಬೆಳೆಯನ್ನು ನೇರವಾಗಿ ಗ್ರಾಹಕರಿಗೆ ಮಾರುವುದಾದರೆ ಪ್ರಮಾಣಪತ್ರ ಅಗತ್ಯವಿಲ್ಲ. ಆದರೆ ಅವರು ‘ಜೈವಿಕ್ ಭಾರತ್’ ಲಾಂಛನವನ್ನು ಬಳಸುವಂತಿಲ್ಲ. ತೊಡಕು ಹುಟ್ಟುವುದು ಇಲ್ಲಿಯೇ. ರೈತನು ಸಂತೆಯಲ್ಲಿ ತಾನೇ ಮಾರಿದ ರಾಗಿಗೆ ಇರುವ ವಿನಾಯಿತಿ, ಅದೇ ರಾಗಿಯನ್ನು ಕೊಂಡು ಪೊಟ್ಟಣ ಕಟ್ಟಿ ಸಾವಯವವೆಂದು ಮಾರುವ ವರ್ತಕನಿಗೆ ದೊರೆಯುವುದಿಲ್ಲ. ಲೇಬಲ್ ಸುಳ್ಳೆಂದು ಸಿದ್ಧವಾದರೆ 52ನೇ ಕಲಂ ಪ್ರಕಾರ 3 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಆದ್ದರಿಂದ ಎಚ್ಚರಿಕೆಯುಳ್ಳ ವರ್ತಕನು ಅದನ್ನು ಸಾಮಾನ್ಯ ರಾಗಿಯಾಗಿಯೇ ಕೊಳ್ಳುತ್ತಾನೆ. ರೈತನಿಗೆ ಸಾಮಾನ್ಯ ದರವೇ ದಕ್ಕುತ್ತದೆ.

ಪ್ರಮಾಣೀಕರಣವೂ ಸುಲಭವಲ್ಲ. ವಾರ್ಷಿಕ ಬೆಳೆಗಳಿಗೆ ಸಾಮಾನ್ಯವಾಗಿ 2 ವರ್ಷ, ಬಹುವಾರ್ಷಿಕ ಬೆಳೆಗಳಿಗೆ 3 ವರ್ಷಗಳ ಪರಿವರ್ತನಾ ಅವಧಿಯಿದೆ. ಆ ಅವಧಿಯಲ್ಲಿ ದಾಖಲೆ, ತಪಾಸಣೆಗಳ ಹೊರೆ ಇರುತ್ತದೆ. ಸಾವಯವ ದರ ಮಾತ್ರ ಇರುವುದಿಲ್ಲ.

ವರ್ತಕರು ಈ ಅಂಶಗಳನ್ನು ಗಮನಿಸುವುದು ಒಳಿತು:

1. ಖರೀದಿಗೆ ಮುನ್ನ ಪ್ರಮಾಣಪತ್ರದ ಅವಧಿ, ಬೆಳೆಯ ಹೆಸರು ಮತ್ತು ವಿಸ್ತೀರ್ಣವನ್ನು ಪರಿಶೀಲಿಸಬೇಕು. ಪರಿವರ್ತನಾ ಹಂತದ ಬೆಳೆಯನ್ನು ಪೂರ್ಣ ಸಾವಯವವೆಂದು ಮಾರಬಾರದು.

2. ರಾಷ್ಟ್ರೀಯ ಕಾರ್ಯಕ್ರಮದಡಿ ಕೊಂಡ ಸರಕಿಗೆ ವಹಿವಾಟು ಪ್ರಮಾಣಪತ್ರವನ್ನು ಪಡೆದು ಬಿಲ್ಲಿನೊಂದಿಗೆ ಇಡಬೇಕು.

3. ದಾಸ್ತಾನು ಮತ್ತು ಲೆಕ್ಕ ಎರಡೂ ಪ್ರತ್ಯೇಕವಾಗಿರಬೇಕು.

4. ಸಾವಯವವೆಂಬ ಕಾರಣಕ್ಕೆ ಧಾನ್ಯಗಳಿಗೆ ಜಿಎಸ್‌ಟಿ ರಿಯಾಯಿತಿ ಇಲ್ಲ. 2022ರ ಜುಲೈ 18ರಿಂದ, ಮೊದಲೇ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ 25 ಕಿಲೋವರೆಗಿನ ಅಕ್ಕಿ, ಬೇಳೆಕಾಳುಗಳಿಗೆ ಶೇ. 5 ತೆರಿಗೆಯಿದೆ.

ನಿಯಮಿತವಾಗಿ ಸಾವಯವ ಸರಕು ಬೇಕಾದವರು ರೈತರ ಗುಂಪಿನೊಂದಿಗೆ ಲಿಖಿತ ಖರೀದಿ ಒಪ್ಪಂದ ಮಾಡಿಕೊಂಡು ಪ್ರಮಾಣೀಕರಣದ ವೆಚ್ಚದಲ್ಲಿ ಪಾಲು ಹೊರುವುದು ಸೂಕ್ತ. ಇದರಿಂದ ರೈತನಿಗೆ ತಕ್ಕ ದರವೂ ವರ್ತಕನಿಗೆ ನಿರಾತಂಕ ವ್ಯಾಪಾರವೂ ಸಾಧ್ಯವಾಗುತ್ತದೆ.