ಛಾವಣಿಯ ಉಷ್ಣರೋಧಕ ಹಲಗೆಗಳೂ ಅವುಗಳ ಸಂದುಗಳೂ

ದಾವಣಗೆರೆಯೂ ತುಂಗಭದ್ರೆಯ ದಡದ ಹರಿಹರವೂ ಬಯಲುಸೀಮೆಯ ಬಿಸಿಲನ್ನು ಸಮನಾಗಿ ಹಂಚಿಕೊಂಡಿರುವ ಊರುಗಳು. ಏಪ್ರಿಲ್ ತಿಂಗಳ ಹಗಲಿನಲ್ಲಿ ಇಲ್ಲಿಯ ಗಾಳಿಯ ಉಷ್ಣತೆಯು 37–38 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುವುದು. ಬಿಸಿಲಿಗೊಡ್ಡಿದ ತಗಡಿನ ಉಷ್ಣತೆಯು 60 ಡಿಗ್ರಿಯನ್ನೂ ಮೀರುವುದುಂಟು. ಆದುದರಿಂದ ತಾರಸಿಯ ಮೇಲೆಯೂ ತಗಡಿನ ಮಾಡಿನ ಕೆಳಗೂ ಉಷ್ಣರೋಧಕ ಹಲಗೆಗಳನ್ನು ಹೊದಿಸುವ ಪದ್ಧತಿಯು ಬಳಕೆಗೆ ಬಂದಿದೆ. ಹಲಗೆಯನ್ನು ಆರಿಸುವಲ್ಲಿ ತೋರುವ ಎಚ್ಚರವನ್ನು ಹಲಗೆಗಳ ನಡುವಣ ಸಂದಿನ ವಿಷಯದಲ್ಲಿ ತೋರುವವರು ಮಾತ್ರ ವಿರಳ. ಈ ಸಂದನ್ನು ಏಕೆ ಮುಚ್ಚಬೇಕು, ಎಲ್ಲಿ ಮುಚ್ಚಲೇಬೇಕು, ಹೇಗೆ ಮುಚ್ಚಬೇಕು ಎಂಬ ಮೂರು ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸುವೆವು.

ಹಲಗೆಯ ಗುಣವು ಎಲ್ಲಿಂದ ಬಂದುದೆಂಬುದನ್ನು ಮೊದಲು ತಿಳಿಯಬೇಕು. ದಾವಣಗೆರೆಯ ಭಟ್ಟಿಗಳಲ್ಲಿ ಅಕ್ಕಿಯು ಕಾದ ಮರಳಿನ ಬಿಸಿಗೆ ಅರಳಿ ಮಂಡಕ್ಕಿಯಾಗುವಂತೆ, ಪಾಲಿಸ್ಟೈರೀನ್ ಎಂಬ ವಸ್ತುವಿನ ಸಣ್ಣ ಕಾಳುಗಳು ಹಬೆಯ ಬಿಸಿಗೆ ಅರಳಿ ಥರ್ಮೊಕೋಲ್ ಆಗುವುವು. ಇದರ ಗಾತ್ರದಲ್ಲಿ ಸುಮಾರು 98 ಭಾಗ ಗಾಳಿಯೇ. ಶಾಖವನ್ನು ತಡೆಯುವುದು ಆ ನಿಶ್ಚಲವಾದ ಗಾಳಿ. ಪಾಲಿಸ್ಟೈರೀನಿನ ಕೆಲಸವೆಂದರೆ ಗಾಳಿಯನ್ನು ಅಲುಗದಂತೆ ಹಿಡಿದಿಡುವುದು. ಇದೇ ಗಾಳಿಯು ಸಂದಿನ ಮೂಲಕ ಹರಿಯತೊಡಗಿದರೆ ಶಾಖವನ್ನು ತಡೆಯುವುದಕ್ಕೆ ಬದಲಾಗಿ ಅದನ್ನು ಹೊತ್ತು ಸಾಗಿಸುವುದು. ಮಂಡಕ್ಕಿಯ ಡಬ್ಬಿ ಎಷ್ಟೇ ದಪ್ಪನಾಗಿದ್ದರೂ ಮುಚ್ಚಳ ಸಡಿಲವಾದರೆ ಒಳಗಿನದು ಮೆತ್ತಗಾಗುವುದೆಂಬುದು ಎಲ್ಲರ ಅನುಭವ.

ಆದರೆ ಎಲ್ಲ ಛಾವಣಿಗಳಲ್ಲಿಯೂ ಸಂದಿನ ಮಹತ್ವ ಒಂದೇ ಸಮನಲ್ಲ. ಗಾಳಿಯನ್ನು ತಡೆಯುವ ಪದರ ಯಾವುದು ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕು. ಕಾಂಕ್ರೀಟಿನ ತಾರಸಿಯಲ್ಲಿ ಬಿರುಕಿಲ್ಲದ ಕಾಂಕ್ರೀಟೇ ಗಾಳಿಯನ್ನು ತಡೆಯುವುದು. 15 ಸೆ.ಮೀ. ದಪ್ಪದ ಕಾಂಕ್ರೀಟಿನ ಮೇಲೆ 5 ಸೆ.ಮೀ. ಥರ್ಮೊಕೋಲ್ ಹೊದಿಸಿದರೆ ಒಳಬರುವ ಶಾಖವು ಲೆಕ್ಕದ ಪ್ರಕಾರ ಮೊದಲಿನ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆಯಾಗುವುದು. ಪ್ರತಿ ಮೀಟರಿಗೆ 5 ಮಿ.ಮೀ. ಸಂದು ಎರಡೂ ದಿಕ್ಕಿನಲ್ಲಿ ಉಳಿದು, ಅದರಲ್ಲಿ ಮೇಲಿನ ಗಾರೆ ಇಳಿದು ತುಂಬಿಕೊಂಡರೂ, ಈ ಶಾಖವು ನೂರಕ್ಕೆ ಐದರಷ್ಟು ಮಾತ್ರ ಹೆಚ್ಚುವುದು. ಇಲ್ಲಿ ಗಾರೆಯು ಇಳಿಯದಂತೆ ಸಂದಿನ ಮೇಲೆ ಟೇಪು ಹಚ್ಚಿದರೆ ಸಾಕು.

ತಗಡಿನ ಮಾಡಿನ ಸ್ಥಿತಿಯೇ ಬೇರೆ. ತಗಡುಗಳ ಮೇಲುಹೊದಿಕೆಯ ಅಂಚುಗಳಲ್ಲಿಯೂ ಅವುಗಳ ಏರಿಳಿತದ ಕೆಳಗೂ ಗಾಳಿ ನುಸುಳುವುದರಿಂದ ಹಲಗೆಗಳ ಸಾಲೇ ಗಾಳಿಯನ್ನು ತಡೆಯಬೇಕಾಗುವುದು. ಕಿರಿದಾದ ಸೀಳಿನಲ್ಲಿ ಹರಿಯುವ ಗಾಳಿಯ ಪ್ರಮಾಣವು ಸೀಳಿನ ಅಗಲದ ಘನಕ್ಕೆ ಅನುಗುಣವಾದುದು, 1 ಮಿ.ಮೀ. ಸೀಳು 2 ಮಿ.ಮೀ. ಆದರೆ ಗಾಳಿಯು ಸುಮಾರು ಎಂಟು ಮಡಿಯಾಗುವುದು. ಥರ್ಮೊಕೋಲ್ ಹಲಗೆಯ ಸರಾಸರಿ ಉಷ್ಣತೆಯು 30 ಡಿಗ್ರಿಯಷ್ಟು ಬದಲಾದರೆ 1 ಮೀಟರ್ ಉದ್ದದಲ್ಲಿ 2 ಮಿ.ಮೀ. ಸಮೀಪದ ಹಿಗ್ಗು-ಕುಗ್ಗು ಉಂಟಾಗುವುದು. ಹಗಲಿನಲ್ಲಿ ಬಿಗಿಯಾಗಿ ಕಂಡ ಸಂದು ರಾತ್ರಿ ತೆರೆದುಕೊಳ್ಳುವುದು ಹೀಗೆ. ಸಿಮೆಂಟು ಅಥವಾ ಪ್ಲಾಸ್ಟರಿನಿಂದ ತುಂಬಿದ ಸಂದು ಬಹುಕಾಲ ನಿಲ್ಲದಿರುವುದಕ್ಕೂ ಇದೇ ಕಾರಣ: ಗಟ್ಟಿಯಾದುದು ಹಿಗ್ಗಲಾರದು, ಆದುದರಿಂದ ಸೀಳುವುದು.

ಶಾಖಕ್ಕಿಂತಲೂ ಹೆಚ್ಚಿನ ಹಾನಿ ತೇವದಿಂದ. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರನ್ನು ತಂದ ಹತ್ತಿ ಗಿರಣಿಗಳನ್ನು ನೆನೆಯಬಹುದು. ನೂಲು ಹರಿಯದಂತೆ ನೂಲುವ ಸಾಲೆಯ ಗಾಳಿಯನ್ನು ತೇವವಾಗಿ ಇಡಬೇಕಾಗುವುದು. 30 ಡಿಗ್ರಿಯಲ್ಲಿ ನೂರಕ್ಕೆ 60ರಷ್ಟು ಆರ್ದ್ರತೆಯುಳ್ಳ ಗಾಳಿಯ ಪ್ರತಿ ಘನಮೀಟರಿನಲ್ಲಿ ಸುಮಾರು 18 ಗ್ರಾಂ ನೀರಾವಿ ಇರುವುದು. ಚಳಿಗಾಲದ ರಾತ್ರಿ 16 ಡಿಗ್ರಿಗೆ ಇಳಿದ ತಗಡಿಗೆ ಈ ಗಾಳಿಯು ಸಂದಿನ ಮೂಲಕ ತಲಪಿದರೆ, ಪ್ರತಿ ಘನಮೀಟರೂ ನಾಲ್ಕು ಗ್ರಾಂಗಿಂತ ಹೆಚ್ಚು ನೀರನ್ನು ಅಲ್ಲಿ ಬಿಡುವುದು. ತಗಡು ತುಕ್ಕು ಹಿಡಿಯುವುದು; ಮಳೆಯಿಲ್ಲದ ಕಾಲದಲ್ಲಿಯೂ ಮಾಡು ತೊಟ್ಟಿಕ್ಕುವುದು.

ಉಷ್ಣತೆಯನ್ನು ಸ್ಥಿರವಾಗಿಡಬೇಕಾದ ಕಡೆ ಅವಶ್ಯಕತೆ ಇನ್ನೂ ಹೆಚ್ಚು. ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತ್‌ಗಳಿಗೆ ಹೆಸರಾಗಿತ್ತು. ಇಂಥ ಯಂತ್ರಭಾಗಗಳ ಅಳತೆಗೆ ಜಗತ್ತಿನಾದ್ಯಂತ 20 ಡಿಗ್ರಿಯೇ ಆಧಾರ. ಒಂದು ಮೀಟರ್ ಉಕ್ಕು ಪ್ರತಿ ಡಿಗ್ರಿಗೆ 0.01 ಮಿ.ಮೀ.ಗಿಂತ ತುಸು ಹೆಚ್ಚು ಹಿಗ್ಗುವುದು. ಅಳತೆಯ ಕೋಣೆ, ಶೀತಲಗೃಹ, ಹವಾನಿಯಂತ್ರಿತ ಕೊಠಡಿ ಇವುಗಳಲ್ಲಿ ಸಂದು ಬಿಟ್ಟರೆ ವಿದ್ಯುತ್ತಿನ ವೆಚ್ಚ ವರ್ಷವರ್ಷವೂ ಬೆಳೆಯುವುದು.

ಇನ್ನು ಮುಚ್ಚುವ ಕ್ರಮ. ದಪ್ಪನೆಯ ಒಂದು ಪದರಕ್ಕಿಂತ ತೆಳುವಾದ ಎರಡು ಪದರಗಳು ಲೇಸು. ಇಟ್ಟಿಗೆ ಕಟ್ಟುವಾಗ ಮಾಡುವಂತೆ ಕೆಳಗಿನ ಸಂದಿನ ಮೇಲೆ ಮೇಲಿನ ಹಲಗೆಯ ನಡುಭಾಗ ಬರಬೇಕು. ಒಂದರ ಅಂಚು ಮತ್ತೊಂದರ ಮೇಲೆ ಅರ್ಧ ದಪ್ಪದಷ್ಟು ಕೂರುವಂತೆ ಕತ್ತರಿಸಿದ ಹಲಗೆಗಳೂ ಉತ್ತಮ. ಅಗಲವಾದ ಸಂದಿಗೆ ಪಾಲಿಯುರೆಥೇನ್ ಫೋಮ್ ತುಂಬಿ, ಒಣಗಿದ ಮೇಲೆ ಹೆಚ್ಚಾದುದನ್ನು ಕೊಯ್ದು, ಹಿಗ್ಗಬಲ್ಲ ಟೇಪನ್ನು ಒತ್ತಬೇಕು. ತೇವದ ಗಾಳಿಯುಳ್ಳ ಸಾಲೆಯಲ್ಲಿ ಟೇಪು ಒಳಮೈಗೆ ಬರಬೇಕು. ಶೀತಲಗೃಹದಲ್ಲಿ ತೇವವು ಹೊರಗಿನಿಂದ ಒಳಸೇರುವುದರಿಂದ ಹೊರಮೈಗೆ ಬರಬೇಕು. ಟೇಪು ಧೂಳಿಗೆ ಅಂಟದು. ಆದುದರಿಂದ ಅಂಚನ್ನು ಒರೆಸುವ ಕೆಲಸವನ್ನು ಕೀಳೆಂದು ಬಗೆಯಬಾರದು. ಪೆಟ್ರೋಲಿನಂಥ ದ್ರಾವಕವುಳ್ಳ ಅಂಟುಗಳು ಥರ್ಮೊಕೋಲನ್ನೇ ಕರಗಿಸುವುದರಿಂದ ವರ್ಜ್ಯ. ಥರ್ಮೊಕೋಲ್ ಹತ್ತಿ ಉರಿಯುವ ವಸ್ತುವಾದುದರಿಂದ ಬೆಸುಗೆಯ ಕೆಲಸವೆಲ್ಲ ಮುಗಿದ ಮೇಲೆಯೇ ಅದನ್ನು ಕೂರಿಸತಕ್ಕದ್ದು. ಗೋಡೆ ಸೇರುವ ಅಂಚು, ಕೊಳವೆಯ ಸುತ್ತು, ತಿರುಪಿನ ರಂಧ್ರ ಇವು ಸಾಮಾನ್ಯವಾಗಿ ಮರೆತುಹೋಗುವ ಸ್ಥಳಗಳು. ಬಾಗಿಲು ಕಿಟಕಿಗಳನ್ನು ಮುಚ್ಚಿ, ಗಾಳಿಯನ್ನು ಹೊರದೂಡುವ ಪಂಖವನ್ನು ಓಡಿಸಿ, ಸಂದಿನ ಬಳಿ ಊದುಬತ್ತಿಯನ್ನು ಹಿಡಿದರೆ ಹೊಗೆಯು ಅಲುಗಿ ದೋಷವನ್ನು ತೋರಿಸಿಕೊಡುವುದು.

ಈ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ತೊಲೆ ಜಂತೆಗಳ ಮೇಲೆ ಹರಡಿದ ಮಣ್ಣು ಸಂದಿಲ್ಲದ ಒಂದೇ ಹಾಸಾಗಿತ್ತು. ಮೇಲೆ ಹಾಕುವ ಕರಲು ಮಣ್ಣು ನೀರು ತಾಗಿದೊಡನೆ ಉಬ್ಬಿ ಬಿರುಕನ್ನು ಮುಚ್ಚುತ್ತಿತ್ತು. ಮಳೆಗಾಲಕ್ಕೆ ಮುಂಚೆ ಅದನ್ನು ಮತ್ತೆ ಸರಿಪಡಿಸುವ ವಾಡಿಕೆಯೂ ಇತ್ತು. ಹೊಗೆಗೂ ಬೆಳಕಿಗೂ ಬೆಳಕಿಂಡಿಯನ್ನು ಬೇರೆಯಾಗಿಯೇ ಬಿಡುತ್ತಿದ್ದರು. ಇಂದಿನ ಮನೆಗೂ ಇದೇ ನಿಯಮ ಸಲ್ಲುವುದು: ಹವಾನಿಯಂತ್ರಣವಿಲ್ಲದ ಮನೆಗೆ ಗಾಳಿ ಬೇಕೇ ಬೇಕು, ಆದರೆ ಅದು ನಾವು ತೆರೆದ ಕಿಟಕಿಯಿಂದ ಬರಬೇಕು. ಹಲಗೆಯ ಬೆಲೆಯನ್ನು ಲೆಕ್ಕ ಹಾಕುವಾಗಲೇ ಸಂದಿನ ಕೆಲಸದ ಕೂಲಿಯನ್ನೂ, ವರ್ಷಕ್ಕೊಮ್ಮೆ ಅದನ್ನು ಪರೀಕ್ಷಿಸುವ ಶ್ರಮವನ್ನೂ ಸೇರಿಸಿಕೊಳ್ಳುವುದು ವಿಹಿತ.